ಹೆಣ್ಣುದನಿಯೊಂದಿಗೆ

ನಮ್ಮೂರಿನಲ್ಲಿ ಹಾಡಿನ ಪ್ಲೇಟು ಹಾಕುವ ಮೊದಲು ಹಾಡಿದವರ ಮನೆಗೆ ಚೀಟಿ ಕಳಿಸುವುದು ವಾಡಿಕೆ. 'ಇವತ್ತು ಸಂಜೆ ಐದಕ್ಕೆ ಹಾಕಬಹುದೇ?' ಎಂದು ಬರೆದು ಕಳಿಸಬೇಕು. ಆ ಹೊತ್ತಿನಲ್ಲಿ ಅವರಿಗೆ ಮಾತಾಡುವ ಜರೂರು ಇಲ್ಲದಿದ್ದರೆ ಚೀಟಿಯ ಜೊತೆ ಒಂದು ವೀಳ್ಯದೆಲೆ ಇಟ್ಟು ವಾಪಸು ಕಳಿಸುತ್ತಾರೆ. ಪ್ಲೇಟು ತಿರುಗುವಷ್ಟು ಹೊತ್ತು ಹಾಡಿದವರ ಬಾಯಿಂದ ದನಿ ಹೊರಡುವುದಿಲ್ಲ, ಮುಳ್ಳು ಎತ್ತಿದ ಮೇಲೆ ಮತ್ತೆ ಬರುತ್ತದೆ. ಬೇರೆ ಊರುಗಳಲ್ಲಿ ನಲ್ಲಿಯಲ್ಲಿ ನೀರು ಬರುವ ಹೊತ್ತು ನೋಡಿಕೊಂಡು ಬಟ್ಟೆ ಒಗೆಯುತ್ತಾರಲ್ಲ, ಹಾಗೆ ನಮ್ಮಲ್ಲಿ ಹಾಡುಗಾರರು ಹೊತ್ತು ನೋಡಿಕೊಂಡು ಮಾತಾಡುತ್ತಾರೆ. ಲಗ್ನದ ಮಾತುಕತೆಯೋ, ಕೋರ್ಟಿನಲ್ಲಿ ಸಾಕ್ಷಿ ಹೇಳುವುದೋ ಇದ್ದ ದಿನ ಬಾಗಿಲಿಗೆ ಕೆಂಪು ಬಟ್ಟೆ ಕಟ್ಟಿದರೆ ಸಾಕು, ಅವತ್ತು ಊರಿನಲ್ಲಿ ಯಾರೂ ಅವರ ಪ್ಲೇಟು ಮುಟ್ಟುವುದಿಲ್ಲ.

ಗಂಡಸರಿಗೆ ಇದರಿಂದ ತೊಂದರೆಯೇನೂ ಆಗಲಿಲ್ಲ. ಶೇಷಾಚಾರ್ಯರ ದೇವರನಾಮಗಳು ಜೋರಾಗಿ ಓಡುತ್ತಿದ್ದ ಕಾಲದಲ್ಲಿ ಅವರು ಹನ್ನೊಂದು ವರ್ಷ ಹೆಚ್ಚುಕಡಿಮೆ ಮೂಕರಾಗಿಯೇ ಇದ್ದರು. ಜನ ಅವರನ್ನು ಕಂಡಲ್ಲಿ ಕೈ ಮುಗಿಯುತ್ತಿದ್ದರು. ಅವರ ಮಾತನ್ನೆಲ್ಲ ಹೆಂಡತಿ ಆಡುತ್ತಿದ್ದಳು. 'ನಮ್ಮವರು ಹೀಗಂತಾರೆ' ಎಂದು ಶುರು ಮಾಡಿ ತನಗೆ ಬೇಕಾದ್ದನ್ನೆಲ್ಲ ಆಚಾರ್ಯರ ಬಾಯಿಂದ ಹೇಳಿಸಿ ಮನೆ ಕಟ್ಟಿಸಿಕೊಂಡಳು. ಆದರೆ ಒಲೆಯ ಮುಂದೆ ನಿಂತ ಹೆಂಗಸು ಇದ್ದಕ್ಕಿದ್ದ ಹಾಗೆ ಮೂಕಿಯಾದರೆ ಯಾವ ಅತ್ತೆ ತಾನೇ ಕೈ ಮುಗಿದಾಳು? ಅದಕ್ಕೇ ಹಾಡುವ ಹುಡುಗಿಗೆ ಲಗ್ನ ಗೊತ್ತಾದರೆ ಗಂಡಿನ ಕಡೆಯವರು ಬುಟ್ಟಿ ಹಿಡಿದು ಮನೆಮನೆ ತಿರುಗಿ ಅವಳ ಪ್ಲೇಟುಗಳನ್ನೆಲ್ಲ ವಾಪಸು ಪಡೆಯುತ್ತಿದ್ದರು. ಇದಕ್ಕೆ 'ದನಿ ಬಿಡಿಸುವುದು' ಎಂದು ಹೆಸರು. ಆಗಿನ ಪ್ಲೇಟುಗಳು ಅರಗಿನವು. ಬಳೆಗಾರರು ಅವನ್ನು ಕರಗಿಸಿ ಕಪ್ಪು ಬಳೆ ಮಾಡಿಕೊಡುತ್ತಿದ್ದರು, ಮದುವೆಯ ದಿನ ಹುಡುಗಿ ಅವನ್ನೇ ತೊಡುತ್ತಿದ್ದಳು. ಆಮೇಲೆ ಅವಳು ಹಾಡುತ್ತಿದ್ದಳೆಂಬ ಮಾತನ್ನು ಊರಿನಲ್ಲಿ ಯಾರೂ ಎತ್ತಬಾರದು, ಅದು ಮರ್ಯಾದೆ. ಹೀಗೆ ನಮ್ಮೂರಿನ ಹೆಂಗಸರ ಹಾಡೆಲ್ಲ ಮರ್ಯಾದೆಯಿಂದಲೇ ಹಾಳಾಯಿತು.

ನನ್ನ ಅವ್ವ ಮುತ್ತಮ್ಮ ಹಾಡುತ್ತಿದ್ದಳೆಂದು ನನಗೆ ಗೊತ್ತಾದದ್ದು ನನ್ನ ಐವತ್ತಾರನೇ ವಯಸ್ಸಿನಲ್ಲಿ. ಮಿಲ್ಲಿನಲ್ಲಿ ಟೈಮ್‌ಕೀಪರ್ ಆಗಿದ್ದ ಅಪ್ಪ ನಾನು ಆರು ವರ್ಷದವಳಿದ್ದಾಗಲೇ ತೀರಿಕೊಂಡಿದ್ದ. ಅವ್ವನ ಬಳೆಗಳು ಆಗಲೇ ಒಡೆದಿದ್ದವು. ನಾನು ಮದುವೆಯಾಗಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೆರಡು ವರ್ಷ ಕೂತು ಊರವರ ಮಾತನ್ನೆಲ್ಲ ಒಬ್ಬರಿಂದೊಬ್ಬರಿಗೆ ದಾಟಿಸಿದೆ. ಮನೆಗೆ ಬಂದರೆ ಅವ್ವನ ಬಾಯಿ. ಅವಳ ಬಾಯಿ ಊರಿಗೇ ಹೆಸರಾಗಿತ್ತು. ತರಕಾರಿ ಹುಳುಕಾಗಿದ್ದರೂ ಬೈಗುಳ, ಚೆನ್ನಾಗಿದ್ದರೆ ದುಬಾರಿ ತಂದೆ ಎಂದು ಬೈಗುಳ. ದಿನವಿಡೀ ಪರರ ಮಾತು ಕೇಳಿ ಬಂದವಳಿಗೆ ಅದು ಮಾತು ಅನ್ನಿಸುತ್ತಿರಲಿಲ್ಲ, ಗದ್ದಲ ಅನ್ನಿಸುತ್ತಿತ್ತು.

ಅವತ್ತು ಬಳೆಗಾರರ ಮನೆಯ ಸೊಸೆ ಅನಸೂಯ ಗೋಣಿತಾಟಿನಲ್ಲಿ ಸುತ್ತಿದ ಗಂಟೊಂದನ್ನು ತಂದಳು. ಅಟ್ಟ ಗುಡಿಸುವಾಗ ಸಿಕ್ಕಿತಂತೆ. 'ನಮ್ಮ ಮಾವನವರು ಯಾವ ಹಾಡನ್ನೂ ಪೂರ್ತಿ ಕರಗಿಸ್ತಿರ್ಲಿಲ್ಲವಂತೆ ದಮಯಂತಕ್ಕ. ಒಂದೊಂದ್ರಲ್ಲೂ ಒಂದೊಂದು ಪ್ಲೇಟು ಕದ್ದಿಟ್ಕೊಂಡಿದ್ರು. ನಿಮ್ಮ ಹತ್ರ ಗ್ರಾಮಫೋನ್ ಇದೆಯಲ್ಲ, ನೋಡಿ' ಎಂದಳು. ಎಕ್ಸ್‌ಚೇಂಜಿನ ಹಳೇ ಸಾಮಾನು ಹರಾಜಾದಾಗ ನಾನು ತಂದ ಗ್ರಾಮಫೋನ್ ಅದು. ಮೇಲಿದ್ದ ಪ್ಲೇಟಿನ ಚೀಟಿಯಲ್ಲಿ 'ಡಿಕ್ರೂಜ್ ಮತ್ತು ಸಂಗಡಿಗರ ಜಾಝ್ ಮೇಳ' ಎಂದು ದಪ್ಪಕ್ಷರದಲ್ಲಿತ್ತು. ಅದರ ಕೆಳಗೆ ಇರುವೆಯಂಥ ಅಕ್ಷರದಲ್ಲಿ 'ಹೆಣ್ಣುದನಿಯೊಂದಿಗೆ'. ಯಾವ ಹೆಣ್ಣು ಎಂದು ಇರಲಿಲ್ಲ. ಹೆಸರಿಲ್ಲದ ಮೇಲೆ ಚೀಟಿ ಕಳಿಸುವುದಾದರೂ ಯಾರ ಮನೆಗೆ? ಇಷ್ಟು ಹಳೆಯದು, ಹಾಡಿದವಳು ಎಂದೋ ಸತ್ತಿರಬೇಕು ಅಂದುಕೊಂಡು ಮುಳ್ಳು ಇಟ್ಟೆ.

ಅಡುಗೆಮನೆಯಿಂದ ಅವ್ವನ ದನಿ ಬರುತ್ತಿತ್ತು. 'ಕಣ್ಣೇನು ಹಿಂದಲೆಯಲ್ಲಿ ಇಟ್ಕೊಂಡು ಸಂತೆಗೆ ಹೋಗಿದ್ಯಾ? ಒಂದು ಬದನೆಕಾಯಿನಾದ್ರೂ ನೆಟ್ಟಗಿದ್ರೆ ಕೇಳು, ಎಲ್ಲಾದ್ರಲ್ಲೂ' ಎಂದಳು, ಅಲ್ಲಿಗೆ ನಿಂತಿತು. ಗ್ರಾಮಫೋನಿನಿಂದ ಒಂದು ಹೆಣ್ಣುದನಿ ಎದ್ದಿತು. ಹೊಸ ಮಡಕೆಯ ನೀರು ಕುಡಿದ ಹಾಗೆ ಇತ್ತು. ಇಂಗ್ಲಿಷ್ ಹಾಡು, ಹಿಂದೆ ತುತ್ತೂರಿ, ಪಿಯಾನೋ. ದನಿ ತಾಳಕ್ಕಿಂತ ಸ್ವಲ್ಪ ಹಿಂದೆ ಹಿಂದೆಯೇ ನಡೆಯುತ್ತಿತ್ತು, ಬೇಕೆಂದೇ ತಡಮಾಡಿಕೊಂಡು. ನಾನು ತಿರುಗಿ ನೋಡಿದರೆ ಅವ್ವ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ತುಟಿ ಅಲುಗುತ್ತಿತ್ತು, ಸದ್ದಿಲ್ಲ. ತಟಕ್ಕನೆ ಮುಳ್ಳು ಎತ್ತಿದೆ.

'ಹುಳ' ಎಂದು ಅವ್ವ ತನ್ನ ಮಾತು ಮುಗಿಸಿದಳು. ಆಮೇಲೆ ನೆಲದ ಮೇಲೆ ಕುಸಿದು ಕೂತು, 'ಎಲ್ಲಿ ಸಿಕ್ತೇ ಅದು?' ಎಂದಳು.

ಅವಳ ತಾಯಿ ಮಿಲ್ಲಿನ ದೊರೆಗಳ ಕ್ಲಬ್ಬಿನಲ್ಲಿ ನೆಲ ಒರೆಸುತ್ತಿದ್ದದ್ದು ನನಗೆ ಗೊತ್ತಿದ್ದದ್ದೇ. ಜೊತೆಗೆ ಹೋಗುತ್ತಿದ್ದ ಅವ್ವ ಒರೆಸುತ್ತ ಒರೆಸುತ್ತ ಮೇಳದವರ ಹಾಡನ್ನೇ ಹೇಳುತ್ತಿದ್ದಳಂತೆ. ಡಿಕ್ರೂಜ್ ಕೇಳಿ, ಕೈಯಿಂದ ಬಟ್ಟೆ ಕಿತ್ತುಕೊಂಡು ಮೈಕಿನ ಮುಂದೆ ನಿಲ್ಲಿಸಿದ. ಅವ್ವನಿಗೆ ಯಾವ ಭಾಷೆಯ ಅಕ್ಷರವೂ ಬಾರದು. ಹದಿನೇಳನೇ ವಯಸ್ಸಿನಿಂದ ಇಪ್ಪತ್ತೊಂದರವರೆಗೆ ಹನ್ನೊಂದು ಇಂಗ್ಲಿಷ್ ಹಾಡುಗಳನ್ನು ಕಿವಿಯಿಂದಲೇ ಕಲಿತು ಹಾಡಿದ್ದಳು.

'ಅರ್ಥ ಗೊತ್ತಿತ್ತೇನವ್ವಾ?'

'ಅರ್ಥ ಕಟ್ಕೊಂಡು ಏನಾಗ್ಬೇಕಿತ್ತು? ಬಾಯಿ ತುಂಬ್ತಿತ್ತು, ಅಷ್ಟೇ. ಒಂದ್ಸಲ ಪದ ಮರ್ತೇ ಹೋಯ್ತು. ಮೇಳ ನಿಲ್ಸೋ ಹಂಗಿಲ್ಲ. ಭತ್ತ ಕುಟ್ಟೋವಾಗ ಹೇಳ್ತೀವಲ್ಲ ಸುವ್ವಿ ಸುವ್ವಾಲೆ, ಅದನ್ನೇ ಉಲ್ಟಾ ಪಲ್ಟಾ ಮಾಡಿ ತುಂಬ್ಸಿದೆ. ದೊರೆಗಳು ಚಪ್ಪಾಳೆ ಹೊಡೆದ್ರು. ಡಿಕ್ರೂಜ ಪ್ಲೇಟಿಗೂ ಹಂಗೇ ಹಾಡ್ಸಿದ.'

'ಮತ್ತೆ ಯಾಕೆ ಬಿಟ್ಟೆ?'

'ಆಗಿಹೋದದ್ದು, ಬಿಡತ್ಲಾಗೆ' ಎಂದು ಎದ್ದುಹೋದಳು. ನಾನು ಬಿಟ್ಟೆ. ಕೇಳಲು ಏನಿದೆ ಅದರಲ್ಲಿ, ಇಪ್ಪತ್ತೊಂದಕ್ಕೆ ಅವಳ ಮದುವೆಯಾಗಿತ್ತು. ಅಪ್ಪನ ಕಡೆಯವರು ಬುಟ್ಟಿ ಹಿಡಿದು ಬಂದಿರುತ್ತಾರೆ. ಇನ್ನೊಂದು ಸಲ ಒತ್ತಾಯ ಮಾಡಿ ಕೇಳಿದ್ದರೆ ಅವತ್ತೇ ಹೇಳುತ್ತಿದ್ದಳೇನೋ. ಅವಳ ಬಾಯಲ್ಲಿ ಆಗ ಬೇಕಾದಷ್ಟು ಮಾತಿತ್ತು, ನನಗೆ ಪುರುಸೊತ್ತಿರಲಿಲ್ಲ. ನಿಜ ಹೇಳಿಬಿಡುತ್ತೇನೆ: ಆಮೇಲೆ ಎರಡು ಮೂರು ಸಲ, ಅವಳ ಬೈಗುಳ ತಲೆಗೇರಿದಾಗ, ನಾನು ಬೇಕೆಂದೇ ಪ್ಲೇಟು ಹಾಕಿದ್ದೇನೆ. ಹಾಡೂ ಸಿಗುತ್ತಿತ್ತು, ನೆಮ್ಮದಿಯೂ ಸಿಗುತ್ತಿತ್ತು. ನೆನೆದರೆ ಈಗ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನ್ನಿಸುತ್ತದೆ.

ಹಳೆಯ ಪ್ಲೇಟುಗಳನ್ನು ಹುಡುಕಿ ಮತ್ತೆ ಅಚ್ಚು ಹಾಕಿಸುವ ಇನಾಯತ್ ಎಂಬುವರು ಹೊರಗಿನಿಂದ ಬಂದದ್ದು ಅದರ ಮರುವರ್ಷ. ಅನಸೂಯಳ ಗಂಟಿನ ಸುದ್ದಿ ಅವರ ಕಿವಿಗೆ ಹೇಗೋ ಬಿದ್ದಿತ್ತು. ತಲೆ ನೆರೆತ, ಮೆತ್ತಗೆ ಮಾತಾಡುವ ಮನುಷ್ಯ. ಹಾಡು ಕೇಳುತ್ತ ಕೇಳುತ್ತ ಕಣ್ಣಲ್ಲಿ ನೀರು ಹಾಕಿಕೊಂಡರು. 'ಇಂಥ ಹೆಂಗಸರು ಎಷ್ಟೋ ಜನ ಇದ್ದಾರೆ ಅಮ್ಮ, ಮೇಳದ ಯಜಮಾನನ ಹೆಸರಿನ ಕೆಳಗೆ ಹೂತುಹೋದವರು. ಈ ದನಿ ಯಾರದು ಅಂತ ಹೇಗೆ ಪತ್ತೆ ಮಾಡೋದು?' ಎಂದರು. ನಮ್ಮೂರಿನಲ್ಲಿ ಅದು ಸುಲಭ. ಅವರನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, ಅವ್ವನಿಗೆ ಏನಾದರೂ ಮಾತಾಡುತ್ತಿರಲು ಹೇಳಿ, ಗಂಟಿನಲ್ಲಿದ್ದ ಆ ಮೇಳದ ಹನ್ನೊಂದು ಪ್ಲೇಟನ್ನೂ ಒಂದಾದ ಮೇಲೊಂದು ಹಾಕಿದೆ. ಹನ್ನೊಂದು ಸಲವೂ ಅವ್ವನ ಮಾತು ಅರ್ಧಕ್ಕೆ ನಿಂತಿತು. ಪದ ಮರೆತ ಹಾಡು ಬಂದಾಗ ಇನಾಯತ್ ಹುಚ್ಚೇ ಹಿಡಿದವರಂತೆ ತೊಡೆ ತಟ್ಟಿದರು. ಅದು ಸುವ್ವಿ ಎಂದು ಅವ್ವ ಆಮೇಲೆ ಎಷ್ಟು ಹೇಳಿದರೂ ನಂಬಲಿಲ್ಲ.

ಅವ್ವ ಕೇಳಿದ್ದು ಎರಡೇ. 'ಹೆಸರು ಹಾಕ್ತಾರಾ?' ಎಂದಳು ಮೊದಲು. ಹಾಕುತ್ತಾರೆ ಎಂದೆ. 'ಡಿಕ್ರೂಜನ ಹೆಸ್ರಿಗಿಂತ ದಪ್ಪಕೆ ಹಾಕ್ಸು.' ಎರಡನೆಯದು ಚೀಟಿಯ ಮಾತು. ಕೇಳುವವರು ಕೇಳಿಯೇ ಹಾಕಬೇಕು. ನಾನೂ ಇನಾಯತ್ ಅವರೂ ಕೂತು ಯೋಚನೆ ಮಾಡಿ ಹೊದಿಕೆಯ ಹಿಂದೆ ಅಚ್ಚು ಹಾಕಿಸಿದೆವು: 'ಪ್ಲೇಟು ಹಾಕುವ ಮೊದಲು ದಯವಿಟ್ಟು ಗಾಯಕಿಯ ಮನೆಗೆ ಒಂದು ಕಾಗದ ಬರೆದು ಒಪ್ಪಿಗೆ ಪಡೆಯಿರಿ.' ಕೆಳಗೆ ನಮ್ಮ ಮನೆಯ ವಿಳಾಸ. ಅವ್ವ ತನ್ನ ಹಾಡು ಕೇಳಲೆಂದೇ ಮಾತು ನಿಲ್ಲಿಸಿದ್ದಳು ಎಂದು ತಿಳಿದಿದ್ದ ಇನಾಯತ್ ಅದನ್ನು ಒಂದು ಚಂದದ ಮಾತು ಅಂದುಕೊಂಡಿದ್ದರು. ಎಲ್ಲ ಊರಿನಲ್ಲೂ ಜನ ಕೇಳಿಯೇ ಹಾಕುತ್ತಾರೆ ಎಂದು ನಾನು ನಿಜವಾಗಿ ನಂಬಿದ್ದೆ. ಈ ಊರು ಬಿಟ್ಟು ಹೊರಗೆ ಹೋದವಳಲ್ಲ ನಾನು. ಬಾವಿಯ ಕಪ್ಪೆಗೆ ಬಾವಿಯೇ ಸಮುದ್ರ.

ಹೊದಿಕೆಯ ಒಳಗೆ ಅವ್ವನ ಕಥೆಯನ್ನೂ ಬರೆದುಕೊಟ್ಟೆ. ಎರಡು ಪುಟ. ನೆಲ ಒರೆಸುವ ಹುಡುಗಿ, ಹೆಸರು ಕದ್ದ ಡಿಕ್ರೂಜ್, ಕೊನೆಗೆ ಬುಟ್ಟಿ ಹಿಡಿದು ಬಂದು ಅವಳ ಹಾಡನ್ನೆಲ್ಲ ಬಳೆ ಮಾಡಿಸಿದ ಗಂಡ. ಅಪ್ಪನ ಮುಖ ನನಗೆ ಸರಿಯಾಗಿ ನೆನಪಿಲ್ಲ, ಹಾಗಾಗಿ ಬರೆಯುವುದು ಕಷ್ಟವಾಗಲಿಲ್ಲ.

ಹೊಸ ಪ್ಲೇಟು ಹೊರಗೆ ಬಂದ ಮೊದಲ ತಿಂಗಳು ಅವ್ವನಿಗೆ ಭಾರಿ ಅವಮಾನವಾಯಿತು. ಬೆಳಿಗ್ಗೆ ಎದ್ದವಳು ರಾತ್ರಿಯವರೆಗೂ ತಡೆಯಿಲ್ಲದೆ ಮಾತಾಡುತ್ತಿದ್ದಳು. 'ನೋಡೇ, ಬೆಳಗಿಂದ ವಟವಟ ಅಂತಾ ಇದೀನಿ. ಒಬ್ಬ ಪುಣ್ಯಾತ್ಮನಾದ್ರೂ ಕೇಳ್ತಾ ಇದಾನಾ?' ಎಂದು ಮುಖ ಊದಿಸಿಕೊಳ್ಳುತ್ತಿದ್ದಳು. ಒಂದು ಮಂಗಳವಾರ ಹಾಲಿನವಳ ಜೊತೆ ನೀರುಹಾಲಿನ ಜಗಳ ಕಾಯುತ್ತಿದ್ದಾಗ ಮಾತು ಪಟ್ಟೆಂದು ನಿಂತಿತು. ನಮ್ಮ ಊರಿನಲ್ಲಿ ಯಾರೂ ಹಾಕಿರಲಿಲ್ಲ. ಎಲ್ಲೋ ದೂರದಲ್ಲಿ, ನಮಗೆ ಗೊತ್ತಿಲ್ಲದ ಯಾವುದೋ ಮನೆಯಲ್ಲಿ ಅವ್ವ ಹಾಡುತ್ತಿದ್ದಳು. ಅವ್ವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಹುಡುಗಿಯ ಹಾಗೆ ನಕ್ಕಳು. ಹಾಲಿನವಳೂ ಜಗಳ ಮರೆತು ನಕ್ಕಳು. ಆ ದಿನ ನಾನು ಪಟ್ಟ ಸಂತೋಷ ನನ್ನ ಜನ್ಮದಲ್ಲಿ ಮತ್ತೆ ಪಟ್ಟಿಲ್ಲ.

ಪೋಸ್ಟ್‌ಕಾರ್ಡುಗಳೂ ಬಂದವು, ಸುಳ್ಳಲ್ಲ. 'ಭಾನುವಾರ ಊಟವಾದ ಮೇಲೆ ಹಾಕಬಹುದೇ ಅಮ್ಮ?' ಎಂದು ಯಾರೋ ನಿವೃತ್ತ ಡಾಕ್ಟರು. ನಾನು ಓದುತ್ತಿದ್ದೆ, ಅವ್ವ ಲಕೋಟೆಯಲ್ಲಿ ವೀಳ್ಯದೆಲೆ ಇಟ್ಟು ಕಳಿಸುತ್ತಿದ್ದಳು. ಮುಟ್ಟುವ ಹೊತ್ತಿಗೆ ಎಲೆ ಒಣಗಿ ಪುಡಿಯಾಗುತ್ತಿತ್ತೇನೋ. ಅಂಥ ಒಬ್ಬರು ಕಾರ್ಡಿನಲ್ಲಿ 'ನಿಮ್ಮ ಗಂಡ ನಿಮಗೆ ಮಾಡಿದ ಅನ್ಯಾಯ ಓದಿ ರಕ್ತ ಕುದಿಯಿತು' ಎಂದು ಬರೆದಿದ್ದರು. ಅವ್ವ ಹುಬ್ಬು ಗಂಟಿಕ್ಕಿ, 'ಏನಂತೆ? ಏನ್ ಬರ್ದಿದೀಯ ಅದ್ರಲ್ಲಿ? ಓದು ನೋಡಣ' ಎಂದಳು. ನಾನು ಅಲ್ಲಿಯವರೆಗೆ ಆ ಎರಡು ಪುಟವನ್ನು ಅವಳಿಗೆ ಓದಿ ಹೇಳಿರಲಿಲ್ಲ. ಅವಳ ಕಥೆಯಲ್ಲವೇ, ಅವಳಿಗೆ ಗೊತ್ತೇ ಇದೆಯಲ್ಲ ಅಂದುಕೊಂಡಿದ್ದೆ. ಓದಿದೆ. ಕೇಳುತ್ತ ಕೇಳುತ್ತ ಅವಳ ಮುಖ ಕಪ್ಪಿಟ್ಟಿತು.

'ಇದ್ಯಾಕೇ ಹಿಂಗ್ ಬರ್ದೆ? ಸತ್ತೋನ ಮೇಲೆ? ನಿನ್ನಪ್ಪ ಅಲ್ಲ ಕಣೇ, ಅವ್ನು ಪಾಪ' ಎಂದಳು. ಅಷ್ಟಕ್ಕೆ ಯಾರೋ ಎಲ್ಲೋ ಮುಳ್ಳು ಇಟ್ಟರು.

ಅವತ್ತು ದನಿ ಮರಳಿದ್ದು ಎರಡು ಗಂಟೆಯ ಮೇಲೆ. ಅದೂ ಅರ್ಧ ನಿಮಿಷ. ಅಷ್ಟರಲ್ಲಿ ಆ ಹಾಡುಗಳು ಪ್ಲೇಟಿನಿಂದ ಜಿಗಿದು ಫೋನುಗಳಿಗೆ ಹೋಗಿದ್ದವು. ಫೋನಿಗೆ ಹೊದಿಕೆಯೂ ಇಲ್ಲ, ಹೊದಿಕೆಯ ಹಿಂದಿನ ವಿಳಾಸವೂ ಇಲ್ಲ. ಸುವ್ವಿಯ ಹಾಡನ್ನು ಜನ ಬಸ್ಸಿನಲ್ಲಿ, ಹೋಟೆಲಿನಲ್ಲಿ, ಕೂಸು ಮಲಗಿಸುವಾಗ ಹಾಕಿಕೊಳ್ಳತೊಡಗಿದರು. ಇನಾಯತ್ ಅಭಿನಂದನೆಯ ಮೇಲೆ ಅಭಿನಂದನೆ ಬರೆದರು. ಅವ್ವ ಇಡೀ ದಿನ ಬಾಯಿ ತೆರೆದುಕೊಂಡು ಸಂದು ಕಾಯುವವಳಾದಳು. ಸಂದು ಸಿಕ್ಕಿದಾಗ ಒಂದೋ ಎರಡೋ ಮಾತು. 'ನಾನೇ' ಎಂದಳು ಒಂದು ದಿನ. ನಾಲ್ಕು ದಿನ ಬಿಟ್ಟು, 'ಬುಟ್ಟಿ ಹೊತ್ಕೊಂಡು ಮನೆಮನೆಗೆ ನಾನೇ ಹೋದೆ' ಎಂದಳು. ಇನ್ನೊಂದು ವಾರಕ್ಕೆ, 'ಬ್ಯಾಡ ಅಂತ ಅತ್ತ ನಿಮ್ಮಪ್ಪ.' ಆಮೇಲೆ, 'ಯಾಕಂದ್ರೆ'. ಅಷ್ಟೇ. ಅದಾದ ಮೇಲೆ ಸಂದುಗಳು ಮುಚ್ಚಿಹೋದವು. ಲೋಕದಲ್ಲಿ ಹಗಲೂ ರಾತ್ರಿ ಯಾರಾದರೊಬ್ಬರು ಎಚ್ಚರವಿದ್ದು ಅವ್ವನನ್ನು ಕೇಳುತ್ತಲೇ ಇದ್ದರು.

ಊರವರು ಪಾಪ, ತಮ್ಮ ಕೈಲಾದ್ದು ಮಾಡಿದರು. ನಮ್ಮ ಬಾಗಿಲಿಗೆ ಕೆಂಪು ಬಟ್ಟೆ ಕಟ್ಟಿದ್ದನ್ನು ಬಿಚ್ಚಲೇ ಇಲ್ಲ, ಅದು ಬಿಸಿಲಿಗೆ ಬೆಳ್ಳಗಾಯಿತು. ನಾನು ಸ್ಲೇಟು ತಂದು ಅವ್ವನಿಗೆ ಅ ಆ ಇ ಈ ತಿದ್ದಿಸಲು ನೋಡಿದೆ. ಎಂಬತ್ತು ಹತ್ತಿರವಾದವಳು, ಬೆರಳೆಲ್ಲ ಸಂಧಿವಾತಕ್ಕೆ ಸೊಟ್ಟಗಾಗಿದ್ದವು. ಬಳಪ ನಿಲ್ಲುತ್ತಿರಲಿಲ್ಲ. ಒಂದು ತಿಂಗಳಿಗೆ ಎರಡು ಅಕ್ಷರ ಬಂದವು, ಮರುದಿನ ಮರೆತುಹೋದವು. ಉಪ್ಪು ಬೇಕು, ಬೆನ್ನು ನೋಯುತ್ತಿದೆ ಎಂಬುದನ್ನೆಲ್ಲ ಕೈಸನ್ನೆಯಲ್ಲಿ ಹೇಳುತ್ತಿದ್ದಳು. ಆ 'ಯಾಕಂದ್ರೆ'ಗೆ ಮಾತ್ರ ಯಾವ ಸನ್ನೆಯೂ ಸಾಲುತ್ತಿರಲಿಲ್ಲ. ಕೈ ಎತ್ತುತ್ತಿದ್ದಳು, ಎದೆಯ ಹತ್ತಿರ ತರುತ್ತಿದ್ದಳು, ನನ್ನ ಕಡೆ ತೋರಿಸುತ್ತಿದ್ದಳು, ಆಮೇಲೆ ಬೇಸರದಿಂದ ತಲೆ ಅಲ್ಲಾಡಿಸಿ ಕೈ ಇಳಿಸುತ್ತಿದ್ದಳು. ಬೈಗುಳವಿಲ್ಲದ ಬದನೆಕಾಯಿ ನನಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಇನಾಯತ್ ಅವರಿಗೆ ಕಾಗದ ಬರೆದೆ, ಫೋನು ಮಾಡಿದೆ, ಕೊನೆಗೆ ಅತ್ತೆ. 'ಅಮ್ಮ, ನನಗೆ ಆಗ ನಿಮ್ಮ ಮಾತು ಪೂರ್ತಿ ನಂಬಿಕೆ ಬರಲಿಲ್ಲ. ತಪ್ಪಾಯಿತು. ಆದರೆ ಹಾಡು ಈಗ ನನ್ನ ಕೈಯಲ್ಲಿಲ್ಲ, ದೊಡ್ಡ ಕಂಪನಿಗೆ ಹೋಗಿದೆ' ಎಂದರು. ಒಳ್ಳೆಯ ಮನುಷ್ಯ. ಮೂರು ತಿಂಗಳು ಅವರಿವರ ಕಾಲು ಹಿಡಿದು, ಏನೋ ಕಾಗದಪತ್ರದ ತಕರಾರು ಎಂಬ ನೆಪ ಹುಡುಕಿ, ಒಂದು ಮಧ್ಯಾಹ್ನದ ಮಟ್ಟಿಗೆ ಹಾಡುಗಳನ್ನು ಎಲ್ಲ ಫೋನುಗಳಿಂದ ತೆಗೆಸಲು ಒಪ್ಪಿಸಿದರು. ಪ್ಲೇಟು ಕೊಂಡವರಿಗೆಲ್ಲ ತಾವೇ ಕೂತು ಕಾಗದ ಬರೆದರು: ಗುರುವಾರ ಮೂರರಿಂದ ಐದರವರೆಗೆ ದಯವಿಟ್ಟು ಹಾಕಬೇಡಿ, ಹಾಡಿದವರಿಗೆ ಮಗಳ ಹತ್ತಿರ ಒಂದು ಮಾತು ಆಡುವುದಿದೆ.

ಗುರುವಾರ ಅವ್ವ ಬೆಳಿಗ್ಗೆಯೇ ತಲೆಗೆ ಎಣ್ಣೆ ಹಚ್ಚಿಕೊಂಡು ಮಿಂದಳು. ನೀಲಿ ಅಂಚಿನ ಸೀರೆ ಉಟ್ಟಳು. ಎರಡೂವರೆಗೇ ಚಾಪೆ ಹಾಕಿಕೊಂಡು ಕೂತು, ಎದುರಿಗೆ ಕೂರಲು ನನಗೆ ಸನ್ನೆ ಮಾಡಿದಳು. ಬೀದಿಯಲ್ಲಿ ಮಕ್ಕಳನ್ನೂ ಒಳಗೆ ಕರೆದುಕೊಂಡಿದ್ದರು. ಮೂರು ಹೊಡೆಯಿತು. ಮೂರೂವರೆ. ಯಾರೋ ಹಟಮಾರಿ ಇನ್ನೂ ಕೇಳುತ್ತಿದ್ದ, ಅಥವಾ ಕಾಗದ ಮುಟ್ಟಿರಲಿಲ್ಲ. ನಾಲ್ಕೂ ಹತ್ತಕ್ಕೆ ಅವ್ವ ಕೆಮ್ಮಿದಳು. ಕೆಮ್ಮಿಗೆ ಸದ್ದು ಬಂತು.

'ದಮ್ಮೀ' ಎಂದಳು.

ಏಳು ತಿಂಗಳ ಮೇಲೆ ನನ್ನ ಹೆಸರು ಆ ಬಾಯಲ್ಲಿ ಕೇಳಿದ್ದೇ ತಡ, ನನ್ನ ಕಟ್ಟೆ ಒಡೆಯಿತು. ಅವಳ ಮಡಿಲಿಗೆ ಬಿದ್ದುಬಿಟ್ಟೆ. 'ತಪ್ಪಾಯ್ತು ಕಣವ್ವಾ, ನಿನ್ನನ್ನ ಒಂದು ಮಾತೂ ಕೇಳ್ದೆ ಅಪ್ಪನ ಮೇಲೆ ಇಲ್ಲದ್ದು ಬರ್ದೆ. ನಿನ್ನ ಬಾಯಿ ಮುಚ್ಸೋಕೆ ಅಂತಾನೇ ಪ್ಲೇಟು ಹಾಕ್ತಿದ್ದೆ, ನಿನಗೆ ಗೊತ್ತಿತ್ತಲ್ಲ, ಗೊತ್ತಿದ್ದೂ ಸುಮ್ನಿದ್ದೆಯಲ್ಲ' ಎಂದೆ. ನಿನ್ನ ಹೆಸರು ದಪ್ಪಕ್ಷರದಲ್ಲಿ ನೋಡುವ ಆಸೆಯಿತ್ತು, ನೆಲ ಒರೆಸಿದವಳ ಮಗಳು ಎಂದು ನನ್ನನ್ನು ಅಂದವರೆಲ್ಲ ನೋಡಲಿ ಅನ್ನಿಸಿತ್ತು, ಆಸೆ ನನ್ನದು, ಬಾಯಿ ಹೋದದ್ದು ನಿನ್ನದು ಎಂದೆ. ಅಪ್ಪನ ಮುಖ ನೆನಪಿಲ್ಲದ್ದು, ಎಕ್ಸ್‌ಚೇಂಜಿನಲ್ಲಿ ಒಂಟಿಯಾಗಿ ಕೂತದ್ದು, ಇವಳಿಲ್ಲದಿದ್ದರೆ ನನಗೆ ಯಾರೂ ಇಲ್ಲ ಎಂಬುದು, ಎಲ್ಲ ಒಂದರ ಹಿಂದೊಂದು ಬಂತು. ಅವ್ವ ನನ್ನ ತಲೆಯ ಮೇಲೆ ಕೈ ಇಟ್ಟಳು. ಕ್ಷಮಿಸಿದಳು ಅಂದುಕೊಂಡು ಇನ್ನೂ ಜೋರಾಗಿ ಅತ್ತೆ. ಅವಳು ನನ್ನ ಗಲ್ಲ ಹಿಡಿದೆತ್ತಿ, 'ಸಾಕು ಸುಮ್ನಿರೇ, ಕೇಳಿಲ್ಲಿ' ಎಂದಳು. 'ಇಲ್ಲ ಅವ್ವಾ, ಇದೊಂದು ಹೇಳ್ಬಿಡ್ತೀನಿ' ಎಂದು ಮತ್ತೆ ಶುರು ಮಾಡಿದೆ. ಏನು ಹೇಳಿದೆನೋ ಅದು ಈಗ ನನಗೆ ನೆನಪೇ ಇಲ್ಲ.

ಮುಗಿಸಿ, ಸೆರಗಿನಲ್ಲಿ ಮೂಗು ಒರೆಸಿಕೊಂಡು, 'ಈಗ ಹೇಳು. ಯಾಕೆ ನೀನೇ ಬುಟ್ಟಿ ಹೊತ್ತೆ?' ಎಂದು ಕೇಳಿದೆ.

ಅವ್ವ ಬಾಯಿ ತೆರೆದಳು. ತುಟಿ ಅಲುಗಿತು. ಒಂದು ಸಲ ನಿಲ್ಲಿಸಿ, ಉಗುಳು ನುಂಗಿ, ಮತ್ತೆ ಪ್ರಯತ್ನ ಮಾಡಿದಳು. ಕೆಮ್ಮಿ ನೋಡಿದಳು, ಕೆಮ್ಮಿಗೂ ಸದ್ದಿರಲಿಲ್ಲ. ನಾನು ಗೋಡೆಯ ಗಡಿಯಾರ ನೋಡಿದೆ. ನಾಲ್ಕೂ ಹತ್ತೊಂಬತ್ತು. ಐದರವರೆಗೂ ಹಾಗೇ ಎದುರುಬದುರು ಕೂತಿದ್ದೆವು, ದನಿ ಮತ್ತೆ ಬರಲಿಲ್ಲ. ಅವ್ವ ಎದ್ದು, ಚಾಪೆ ಸುತ್ತಿ ಗೋಡೆಗೆ ಒರಗಿಸಿ, ಹಿತ್ತಲಿಗೆ ಹೋಗಿ ಒಣಗಿದ ಬಟ್ಟೆ ತೆಗೆಯತೊಡಗಿದಳು. ಗೊತ್ತಿಲ್ಲದ ಊರುಗಳ ಗೊತ್ತಿಲ್ಲದ ಜನ ಬಾಯಿಗೆ ಬೆರಳಿಟ್ಟುಕೊಂಡು ಕೂತು ನನ್ನ ಅವ್ವನಿಗೆ ಒಂಬತ್ತು ನಿಮಿಷ ಬಿಟ್ಟುಕೊಟ್ಟಿದ್ದರು. ಒಂಬತ್ತನ್ನೂ ನಾನೇ ಮಾತಾಡಿದ್ದೆ.